ಹಳೆಯ ಪಿಕಪ್ಪಿಗೆ ಪವರ್ ಸ್ಟೀರಿಂಗ್

ಅಮೆರಿಕದ ಹಳೆಯ ಪಿಕಪ್ ಗಾಡಿಗಳಲ್ಲಿ ಜನ ಹುಡುಕಿಕೊಂಡು ಹೋಗಿ ಕೊಳ್ಳುವ ಮಾದರಿಗಳು ಕೆಲವಿವೆ. ಷೆವರ್ಲೆ ಕಂಪನಿಯ ಸಿ-10 ಅಂಥದ್ದೊಂದು. ಅದರಲ್ಲೂ 1967ರಿಂದ 1972ರವರೆಗೆ ಬಂದ ಗಾಡಿಗಳೆಂದರೆ ಹಳೆಗಾಡಿ ಹುಚ್ಚಿನವರಿಗೆ ಪ್ರಾಣ. ಅಗಲವಾದ ಬಾನೆಟ್ಟು, ನೇರ ಗೆರೆಯ ಮೈಕಟ್ಟು, ಮೂವರು ಒತ್ತಾಗಿ ಕೂರುವಷ್ಟು ಉದ್ದದ ಒಂದೇ ಸೀಟು. ನೋಡಲು ಚೆಂದ, ಬಿಚ್ಚಿ ಕಟ್ಟಲು ಸುಲಭ. ಆದರೆ ಪವರ್ ಸ್ಟೀರಿಂಗ್ ಇಲ್ಲದ ಸಿ-10 ಒಂದನ್ನು ಇಕ್ಕಟ್ಟಾದ ಜಾಗದಲ್ಲಿ ಹಿಂದೆ ಮುಂದೆ ಮಾಡಿ ನಿಲ್ಲಿಸುವ ಹೊತ್ತಿಗೆ ಎಂಥವರಿಗೂ ರಟ್ಟೆ ಸೋಲುತ್ತದೆ.

ಇವು ಮೊದಲು ದುಡಿಮೆಗೆಂದು ಮಾಡಿದ ಗಾಡಿಗಳು. ಹುಲ್ಲಿನ ಹೊರೆ, ಗೊಬ್ಬರದ ಮೂಟೆ, ಬೇಲಿಯ ಕಂಬ ಹೊತ್ತುಕೊಂಡು ಹೊಲದ ದಾರಿಯಲ್ಲಿ ಓಡಾಡಿದವು. ಪವರ್ ಸ್ಟೀರಿಂಗ್ ಆಗಲೂ ಇತ್ತು, ಆದರೆ ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ದಿನವಿಡೀ ಮೈಮುರಿದು ದುಡಿಯುವ ರೈತ ಸ್ಟೀರಿಂಗ್ ತಿರುಗಿಸಲು ಯಂತ್ರದ ನೆರವಿಗೆ ದುಡ್ಡು ಕೊಡಲು ಒಪ್ಪುವುದು ಕಷ್ಟವೇ. ಈಗ ಅದೇ ಗಾಡಿ ಅವನ ಮಗನ ಕೈಯಲ್ಲೋ, ಹರಾಜಿನಲ್ಲಿ ಕೊಂಡ ನಿವೃತ್ತ ನೌಕರನ ಕೈಯಲ್ಲೋ ಇದೆ. ಭಾನುವಾರ ಹೊರಗೆ ತೆಗೆಯುತ್ತಾರೆ, ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಓಡಿಸುವವರ ವಯಸ್ಸು ಅರವತ್ತು ದಾಟಿದೆ, ಭುಜ ಹಿಡಿದುಕೊಂಡಿದೆ. ಹೆಂಡತಿಯೂ ಮಗಳೂ ಒಮ್ಮೆ ಓಡಿಸಿ ನೋಡಿ, ಸಹವಾಸವೇ ಬೇಡವೆಂದು ಕೀಲಿ ಹಿಂದಿರುಗಿಸಿದ್ದಾರೆ. ಪವರ್ ಸ್ಟೀರಿಂಗ್ ಹಾಕಿಸೋಣವೇ ಎಂಬ ಮಾತು ಮನೆಯಲ್ಲಿ ಹುಟ್ಟುವುದು ಹೀಗೆ.

ದೂರದ ಅಮೆರಿಕದ ಗಾಡಿಯ ಕಥೆ ಕನ್ನಡದ ಬಾನುಲಿಯಲ್ಲೇಕೆ ಎಂದು ಕೇಳಬಹುದು. ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಜೀಪುಗಳಿಗೂ ಇದೇ ಕೆಲಸ ನಡೆಯುತ್ತದೆ. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಭಾರ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ.

ಓಡುವ ಗಾಡಿಯ ಚಕ್ರವನ್ನು ತಿರುಗಿಸುವುದು ಕಷ್ಟವಲ್ಲ, ಚಕ್ರ ಉರುಳುತ್ತಲೇ ದಿಕ್ಕು ಬದಲಿಸುತ್ತದೆ. ನಿಂತ ಗಾಡಿಯಲ್ಲಿ ಹಾಗಲ್ಲ. ಟೈರಿನ ರಬ್ಬರು ನೆಲವನ್ನು ಕಚ್ಚಿಕೊಂಡಿರುತ್ತದೆ, ಅದನ್ನು ಇದ್ದಲ್ಲೇ ಉಜ್ಜಿ ತಿರುಗಿಸಬೇಕು. ಮೇಲಿಂದ ಎಂಜಿನ್ನಿನ ಭಾರ. ಆರು ಸಿಲಿಂಡರಿನ ಎಂಜಿನ್ ತೆಗೆದು ದೊಡ್ಡ ವಿ-8 ಕೂರಿಸಿದ್ದರೆ ಆ ಭಾರ ಇನ್ನೂ ಹೆಚ್ಚು. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಗೇರು. ಪವರ್ ಇಲ್ಲದ, ಅಂದರೆ ಮ್ಯಾನ್ಯುಯಲ್, ಸಿ-10ರ ಸ್ಟೀರಿಂಗ್ ಗೇರ್ ಬಾಕ್ಸಿನಲ್ಲಿ ಸ್ಟೀರಿಂಗ್ ಚಕ್ರ ಸುಮಾರು 24 ಡಿಗ್ರಿ ತಿರುಗಿದರೆ, ಮುಂದಿನ ಚಕ್ರಗಳನ್ನು ತಿರುಗಿಸುವ ಕೆಳಗಿನ ಆರ್ಮು 1 ಡಿಗ್ರಿ ತಿರುಗುತ್ತದೆ. ಬಲ ಉಳಿಯಿತು, ಆದರೆ ಸುತ್ತು ಬೆಳೆಯಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಲು ಕೈ ಮೇಲೆ ಕೈ ಹಾಕಿ ಸುತ್ತುತ್ತಲೇ ಇರಬೇಕು. ಅದರ ಮೇಲೆ ಅಷ್ಟಗಲದ ಸ್ಟೀರಿಂಗ್ ಚಕ್ರ. ಅದನ್ನು ಅಷ್ಟು ದೊಡ್ಡದು ಮಾಡಿದ್ದು ಸನ್ನೆಯ ಬಲಕ್ಕಾಗಿ. ಚೆಂದಕ್ಕೆಂದು ಪುಟ್ಟ ಸ್ಪೋರ್ಟ್ಸ್ ಚಕ್ರ ಹಾಕಿಸಿ ಆಮೇಲೆ ಗಾಡಿ ಭಾರ ಎಂದು ಗೊಣಗುವವರಿಗೆ ಏನು ಹೇಳುವುದು!

ಈ ಭಾರವನ್ನು ಯಂತ್ರಕ್ಕೆ ಹೊರಿಸಬೇಕೆಂಬ ಯೋಚನೆ ಹಳೆಯದು. ಅದನ್ನು ಕೈಗೂಡಿಸಿದವರಲ್ಲಿ ಮುಖ್ಯ ಹೆಸರು ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರಿನದು. ಅವರು ಪಿಯರ್ಸ್ ಆರೋ ಕಂಪನಿಯ ಲಾರಿ ವಿಭಾಗದಲ್ಲಿ ದುಡಿದವರು. ಭಾರಿ ಲಾರಿಗಳ ಚಾಲಕರ ಪಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು. 1920ರ ದಶಕದಲ್ಲಿ ಆ ಕೆಲಸ ಬಿಟ್ಟು ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ಥಮ್‌ನಲ್ಲಿ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಸ್ಟೀರಿಂಗ್ ತಯಾರಿಸಿದರು. 1926ರಲ್ಲಿ ಅದನ್ನು ಅಳವಡಿಸಿದ ಕಾರನ್ನು ಡೆಟ್ರಾಯಿಟ್‌ಗೆ ಒಯ್ದು ಕಂಪನಿಗಳ ಮುಂದೆ ಓಡಿಸಿ ತೋರಿಸಿದರು. ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಒಪ್ಪಂದ ಮಾಡಿಕೊಂಡಿತು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು. ಮಾರಾಟವಾಗುವ ಕಾರುಗಳ ಸಂಖ್ಯೆಗೆ ಈ ಖರ್ಚು ಗಿಟ್ಟುವುದಿಲ್ಲವೆಂದು 1934ರಲ್ಲಿ ಕಂಪನಿ ಕೈಬಿಟ್ಟಿತು.

ಮುಂದೆ ಎರಡನೇ ಮಹಾಯುದ್ಧದಲ್ಲಿ ಉಕ್ಕಿನ ಕವಚ ಹೊದಿಸಿದ ಸೇನಾ ವಾಹನಗಳನ್ನು ಬರಿಗೈಯಲ್ಲಿ ತಿರುಗಿಸುವುದು ಆಗದ ಮಾತಾದಾಗ ಪವರ್ ಸ್ಟೀರಿಂಗ್ ಮತ್ತೆ ನೆನಪಾಯಿತು. ಯುದ್ಧ ಮುಗಿದ ಮೇಲೆ ಕ್ರೈಸ್ಲರ್ ಕಂಪನಿ 1951ರ ಇಂಪೀರಿಯಲ್ ಕಾರಿನಲ್ಲಿ ಹೈಡ್ರಾಗೈಡ್ ಎಂಬ ಹೆಸರಿನಿಂದ ಅದನ್ನು ಕಾರು ಮಾರುಕಟ್ಟೆಗೆ ತಂದಿತು. ಇದರ ಬೇರು ಡೇವಿಸರ ಪೇಟೆಂಟುಗಳಲ್ಲೇ ಇತ್ತು. ಆದರೆ ಆ ಹೊತ್ತಿಗೆ ಅವುಗಳ ಅವಧಿ ತೀರಿತ್ತು. ಮರುವರ್ಷ ಜನರಲ್ ಮೋಟಾರ್ಸ್ ಕ್ಯಾಡಿಲಾಕ್ ಕಾರಿಗೆ ಪವರ್ ಸ್ಟೀರಿಂಗ್ ಕೊಟ್ಟಿತು. ಕಾರಿನಿಂದ ಪಿಕಪ್ಪಿಗೆ ಅದು ಇಳಿದದ್ದು ಆಮೇಲೆ.

ಈಗ ಗ್ಯಾರೇಜಿಗೆ ಹೋಗೋಣ. ಸ್ಟೀರಿಂಗ್ ಭಾರ ಎಂದ ಕೂಡಲೆ ಪಂಪು, ಪೈಪು, ಬಾಕ್ಸು ಆರ್ಡರ್ ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಐವತ್ತು ವರ್ಷ ದಾಟಿದ ಗಾಡಿ ಅದು. ಮೊದಲು ಜಾಕು ಕೊಟ್ಟು ಮುಂದಿನ ಎರಡೂ ಚಕ್ರ ನೆಲದಿಂದ ಎತ್ತಿ. ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ ಸ್ಟೀರಿಂಗ್ ತಿರುಗಿಸಿ ನೋಡಿ. ಭಾರವೇ ಇಲ್ಲದಾಗಲೂ ಅದು ಬಿಗಿಯಾಗಿದ್ದರೆ ಎಲ್ಲೋ ಏನೋ ಹಿಡಿದುಕೊಂಡಿದೆ ಎಂದು ಅರ್ಥ. ಬಾಲ್ ಜಾಯಿಂಟುಗಳಿಗೆ ಗ್ರೀಸ್ ಕಂಡು ಎಷ್ಟು ಕಾಲವಾಗಿದೆಯೋ! ಗ್ರೀಸ್ ನಿಪ್ಪಲಿನ ಬಾಯಿ ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಗನ್ ಹಿಡಿದು ಎಷ್ಟು ಹೊಡೆದರೂ ಒಳಗೆ ಒಂದು ಹನಿಯೂ ಇಳಿಯುವುದಿಲ್ಲ, ಹೊರಗೆ ಮಾತ್ರ ಮೆತ್ತಿಕೊಳ್ಳುತ್ತದೆ. ಡ್ರೈವರ್ ಇಲ್ಲದ ಬದಿಯಲ್ಲಿ ಚಾಸಿಗೆ ಹಿಡಿದುಕೊಂಡಿರುವ ಐಡ್ಲರ್ ಆರ್ಮ್ ಸವೆದಿದೆಯೇ, ಟೈರಾಡ್ ತುದಿಗಳು ಅಲ್ಲಾಡುತ್ತವೆಯೇ, ಟೈರಿನಲ್ಲಿ ಗಾಳಿ ಸಾಕಷ್ಟಿದೆಯೇ, ಇದೆಲ್ಲ ನೋಡಬೇಕು. ಆ ಕಾಲದ ಟೈರುಗಳು ಕಿರಿದಾಗಿದ್ದವು. ಈಗಿನವರು ಗತ್ತಿಗೆಂದು ಅಗಲವಾದ ರೇಡಿಯಲ್ ಹಾಕಿಸುತ್ತಾರೆ, ಅದಕ್ಕೆ ತಕ್ಕಂತೆ ಸ್ಟೀರಿಂಗ್ ಭಾರವಾಗುತ್ತದೆ. ಅರ್ಧ ಗಾಡಿಗಳ ದೂರು ಗ್ರೀಸು, ಗಾಳಿ, ಅಲೈನ್‌ಮೆಂಟಿನಲ್ಲೇ ಅರ್ಧ ಇಳಿಯುತ್ತದೆ ಎಂಬುದು ನನ್ನ ಅಂದಾಜು.

ಇನ್ನೊಂದು ಕಾರಣಕ್ಕೂ ಈ ತಪಾಸಣೆ ಬೇಕು. ಸವೆದ ಜಾಯಿಂಟುಗಳ ಮೇಲೆ ಪವರ್ ಸ್ಟೀರಿಂಗ್ ಕೂರಿಸಿದರೆ ಸವಕಳಿ ಮುಚ್ಚಿಹೋಗುತ್ತದೆ. ಕೈಗೆ ಹಗುರವಾಯಿತೆಂದು ಯಜಮಾನರು ಖುಷಿಪಡುತ್ತಾರೆ, ಕೆಳಗೆ ಜಾಯಿಂಟು ಸಡಿಲಾಗುತ್ತಲೇ ಇರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಬೇಕೆನಿಸಿದರೆ ಬೇಕೇ ಸರಿ. ಅಲ್ಲಿ ಸಿ-10ರ ಮಾಲೀಕರಿಗೆ ಒಂದು ದೊಡ್ಡ ಅನುಕೂಲವಿದೆ. ಕಾರ್ಖಾನೆಯೇ ಆ ಗಾಡಿಯನ್ನು ಎರಡೂ ಬಗೆಯಲ್ಲಿ ಮಾರುತ್ತಿತ್ತು. ಮಿಷಿಗನ್ ರಾಜ್ಯದ ಸಾಗಿನಾ ಊರಿನಲ್ಲಿ ಜನರಲ್ ಮೋಟಾರ್ಸ್‌ನ ಸ್ಟೀರಿಂಗ್ ವಿಭಾಗವಿತ್ತು. ಅಲ್ಲಿ ತಯಾರಾದ ಪವರ್ ಬಾಕ್ಸು ಕಾರಿನಿಂದ ಲಾರಿಯವರೆಗೆ ಬಗೆಬಗೆಯ ಗಾಡಿಗಳಲ್ಲಿ ಕೂತಿದೆ. ಸಿ-10ರಲ್ಲಿ ಅದು ಚಾಸಿಯ ಎಡಗಡೆ, ಮ್ಯಾನ್ಯುಯಲ್ ಬಾಕ್ಸಿದ್ದ ಜಾಗದಲ್ಲೇ ಕೂರುತ್ತದೆ. ಆದ್ದರಿಂದ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ, ಆ ಗಾಡಿಗೆ ಕಾರ್ಖಾನೆ ಕೊಡುತ್ತಿದ್ದ ಸಾಮಾನನ್ನೇ ತಂದು ಕಟ್ಟಿದರಾಯಿತು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತವಿರುವ ಕೆ-10ರ ಲೆಕ್ಕ ಬೇರೆ. ಅದರ ಮುಂದಿನ ಆಕ್ಸಲು ಒಂದೇ ದಿಮ್ಮಿ, ಬಾಕ್ಸಿನಿಂದ ಚಕ್ರದತ್ತ ಹೋಗುವ ತಳ್ಳು ಸರಳಿನ ಜೋಡಣೆಯೂ ಬೇರೆ. ಒಂದರ ಬಾಕ್ಸನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿ ಹಾಕುವಂತಿಲ್ಲ.

ಬಾಕ್ಸಿನ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಸ್ಟೀರಿಂಗ್ ಸರಳು ಒಳಗೆ ಬರುವಲ್ಲಿ ಸುರುಳಿ ಕೊರೆದ ವರ್ಮ್ ಇದೆ. ಅದರ ಮೇಲೆ ಒಂದು ದಪ್ಪ ನಟ್ಟು ಹಿಂದೆ ಮುಂದೆ ಚಲಿಸುತ್ತದೆ. ನಟ್ಟು ನೇರವಾಗಿ ಸುರುಳಿಗೆ ಉಜ್ಜುವುದಿಲ್ಲ, ನಡುವೆ ಉಕ್ಕಿನ ಗುಂಡುಗಳ ಸಾಲು ಉರುಳುತ್ತದೆ. ಒಂದು ಕೊನೆಯಲ್ಲಿ ಹೊರಬಿದ್ದ ಗುಂಡುಗಳು ಬಾಗಿದ ಕೊಳವೆಯೊಂದರ ಮೂಲಕ ಮತ್ತೆ ಸಾಲಿನ ಮೊದಲಿಗೆ ಬಂದು ಸೇರುತ್ತವೆ. ನಟ್ಟಿನ ಹೊರಮೈಯಲ್ಲಿರುವ ಹಲ್ಲುಗಳು ಸೆಕ್ಟರ್ ಶಾಫ್ಟನ್ನು ತಿರುಗಿಸುತ್ತವೆ. ಆ ಶಾಫ್ಟಿನ ತುದಿಗೆ ಪಿಟ್‌ಮನ್ ಆರ್ಮ್, ನಮ್ಮ ಗ್ಯಾರೇಜಿನವರು ಡ್ರಾಪ್ ಆರ್ಮ್ ಅನ್ನುವುದು ಇದಕ್ಕೇ. ಇಷ್ಟು ಮ್ಯಾನ್ಯುಯಲ್ ಬಾಕ್ಸಿನಲ್ಲೂ ಇದೆ.

ಪವರ್ ಬಾಕ್ಸಿನಲ್ಲಿ ಇದೇ ನಟ್ಟನ್ನು ಪಿಸ್ಟನ್ ಮಾಡಿದ್ದಾರೆ. ಬಾಕ್ಸಿನ ಒಡಲೇ ಸಿಲಿಂಡರು. ಪಿಸ್ಟನ್ನಿನ ಒಂದು ಬದಿಗೆ ಎಣ್ಣೆ ಒತ್ತಿದರೆ ಅದು ಆಚೆ ಸರಿಯುತ್ತದೆ, ಇನ್ನೊಂದು ಬದಿಗೆ ಒತ್ತಿದರೆ ಈಚೆ. ಎಣ್ಣೆ ಯಾವ ಬದಿಗೆ ಹೋಗಬೇಕೆಂದು ತೀರ್ಮಾನಿಸುವುದು ಟಾರ್ಷನ್ ಬಾರ್ ಎಂಬ ಸಣ್ಣ ಉಕ್ಕಿನ ಕಡ್ಡಿ. ಡ್ರೈವರ್ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಲು ಹೋದಾಗ ಕೆಳಗೆ ಚಕ್ರ ಕೂಡಲೆ ಕದಲುವುದಿಲ್ಲ, ಆಗ ಆ ಕಡ್ಡಿ ಒಂದಿಷ್ಟು ತಿರುಚಿಕೊಳ್ಳುತ್ತದೆ. ಆ ಸಣ್ಣ ತಿರುಚಿಗೆ ವಾಲ್ವಿನ ಬಾಯಿ ಒಂದು ಬದಿಗೆ ತೆರೆಯುತ್ತದೆ. ಎಣ್ಣೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಚಕ್ರ ತಿರುಗಿತು, ಕಡ್ಡಿ ಮತ್ತೆ ನೆಟ್ಟಗಾಯಿತು, ವಾಲ್ವು ನಡುವಿಗೆ ಬಂತು. ಇದೆಲ್ಲ ಕ್ಷಣಾರ್ಧದ ಕೆಲಸ. ಬೆಲ್ಟು ಹರಿದು ಪಂಪು ನಿಂತರೂ ಸ್ಟೀರಿಂಗಿಗೂ ಚಕ್ರಕ್ಕೂ ಇರುವ ಉಕ್ಕಿನ ಸಂಬಂಧ ತಪ್ಪುವುದಿಲ್ಲ. ಸ್ಟೀರಿಂಗ್ ವಿಪರೀತ ಭಾರವಾಗುತ್ತದೆ, ಆದರೆ ಗಾಡಿ ಹಿಡಿತದಲ್ಲೇ ಇರುತ್ತದೆ. ಎಂಜಿನ್ ಆಫ್ ಆದರೆ ಸ್ಟೀರಿಂಗ್ ಕೈಕೊಡುತ್ತದೆ ಎಂದು ಹೆದರುವವರು ಇದನ್ನು ತಿಳಿದಿದ್ದರೆ ಸಾಕು.

ಈ ಬಾಕ್ಸಿನ ಅನುಪಾತ ಮ್ಯಾನ್ಯುಯಲಿನದಕ್ಕಿಂತ ಕಡಿಮೆ, ಹದಿನೇಳರ ಆಸುಪಾಸಿನದು ಸಾಮಾನ್ಯ. ಬಲ ಎಣ್ಣೆಯಿಂದ ಬರುವುದರಿಂದ ಗೇರಿನ ಸಹಾಯ ಅಷ್ಟು ಬೇಕಾಗುವುದಿಲ್ಲ. ಹೀಗಾಗಿ ಭಾರ ಇಳಿಯುವುದರ ಜೊತೆಗೆ ಸುತ್ತೂ ಕಡಿಮೆಯಾಗುತ್ತದೆ. ಓಡಿಸಿದವರು ಮೊದಲು ಮೆಚ್ಚುವುದು ಇದನ್ನೇ.

ಕಟ್ಟುವಾಗ ಎಡವುವ ಜಾಗಗಳು ಹಲವಿವೆ. ಪವರ್ ಬಾಕ್ಸಿನ ಸೆಕ್ಟರ್ ಶಾಫ್ಟು ದಪ್ಪ, ಹಳೆಯ ಡ್ರಾಪ್ ಆರ್ಮು ಅದಕ್ಕೆ ಕೂರುವುದಿಲ್ಲ, ಬಾಕ್ಸಿಗೆ ತಕ್ಕ ಆರ್ಮೇ ಬೇಕು. ಬಾಕ್ಸಿನ ಉದ್ದವೂ ಹೆಚ್ಚು. ಆದ್ದರಿಂದ ಮೇಲಿಂದ ಇಳಿಯುವ ಸ್ಟೀರಿಂಗ್ ಸರಳು ಉದ್ದವಾಗಿಬಿಡುತ್ತದೆ, ಅದನ್ನು ಗಿಡ್ಡ ಮಾಡಬೇಕು ಅಥವಾ ಪವರ್ ಸ್ಟೀರಿಂಗಿನ ಕಾಲಮ್ಮನ್ನೇ ತರಬೇಕು. ಸರಳಿಗೂ ಬಾಕ್ಸಿಗೂ ನಡುವೆ ನಾರು ಸೇರಿಸಿದ ರಬ್ಬರಿನ ಬಿಲ್ಲೆಯೊಂದು ಇರುತ್ತದೆ. ರಸ್ತೆಯ ನಡುಕ ಕೈಗೆ ಬರದಂತೆ ಅದು ತಡೆಯುತ್ತದೆ. ಸರಳು ಉದ್ದವಿದ್ದರೂ ಒತ್ತಿ ತುರುಕಿದರೆ ಈ ಬಿಲ್ಲೆ ಬಾಗಿ ಕೂರುತ್ತದೆ, ಕೆಲವೇ ದಿನದಲ್ಲಿ ಹರಿಯುತ್ತದೆ. ಸ್ಟೀರಿಂಗ್ ಸರಳನ್ನು ಬೀದಿ ಬದಿಯಲ್ಲಿ ಕತ್ತರಿಸಿ ವೆಲ್ಡ್ ಹೊಡೆಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಗಾಡಿಗೆಂದೇ ಸಿಗುವ ಸರಳು, ಜಾಯಿಂಟು ಕೊಂಡುಕೊಳ್ಳಿ. ಇಲ್ಲಿ ಉಳಿಸುವ ದುಡ್ಡು ಉಳಿತಾಯವಲ್ಲ.

ಪಂಪು ಎಂಜಿನ್ನಿನ ಮುಂಭಾಗದಲ್ಲಿ ಬೆಲ್ಟಿನಿಂದ ತಿರುಗುತ್ತದೆ. ಅದಕ್ಕೆ ಬ್ರಾಕೆಟ್ ಬೇಕು, ಕ್ರ್ಯಾಂಕಿನ ಪುಲ್ಲಿಯಲ್ಲಿ ಬೆಲ್ಟ್ ಕೂರುವ ಇನ್ನೊಂದು ಕಾಲುವೆ ಇರಬೇಕು. ಆರು ಸಿಲಿಂಡರಿನ ಎಂಜಿನ್ನಿನ ಬ್ರಾಕೆಟ್ ವಿ-8ಕ್ಕೆ ಆಗುವುದಿಲ್ಲ. ವಿ-8ರಲ್ಲೂ ವಾಟರ್ ಪಂಪು ಗಿಡ್ಡ, ಉದ್ದ ಎಂದು ಎರಡು ಬಗೆ. ಬ್ರಾಕೆಟ್ಟನ್ನೂ ಪುಲ್ಲಿಯನ್ನೂ ಅದಕ್ಕೆ ಹೊಂದಿಸದಿದ್ದರೆ ಬೆಲ್ಟು ಓರೆಯಾಗಿ ಓಡಿ ಕಿರುಚುತ್ತದೆ, ಕೊನೆಗೆ ಹಾರಿಹೋಗುತ್ತದೆ. ಇಡೀ ಕೆಲಸದಲ್ಲಿ ಜನ ತಾಳ್ಮೆ ಕಳೆದುಕೊಳ್ಳುವುದು ಬಾಕ್ಸಿನ ಹತ್ತಿರವಲ್ಲ, ಈ ಬ್ರಾಕೆಟ್ಟಿನ ಹತ್ತಿರ.

ಪಂಪಿನ ಒತ್ತಡ ಸಾಮಾನ್ಯದ್ದಲ್ಲ. ಟೈರಿನಲ್ಲಿ ಚದರ ಅಂಗುಲಕ್ಕೆ ಮೂವತ್ತು ಮೂವತ್ತೈದು ಪೌಂಡು ಗಾಳಿ ತುಂಬುತ್ತೇವೆ. ಇಲ್ಲಿ ಸ್ಟೀರಿಂಗ್ ತುದಿಗೆ ತಾಗಿದಾಗ ಅದು ಸಾವಿರದ ಆಸುಪಾಸಿಗೆ ಏರುತ್ತದೆ. ಹಾಗಾಗಿ ಒತ್ತಡದ ಪೈಪು ಅದಕ್ಕೆಂದೇ ಮಾಡಿದ್ದಾಗಿರಬೇಕು. ರೇಡಿಯೇಟರಿನ ಪೈಪು, ಡೀಸೆಲ್ ಪೈಪು ಹಾಕಿ ಕ್ಲಿಪ್ ಬಿಗಿದರೆ ಅದು ಸೀಳಿ ಎಣ್ಣೆ ಕಾದ ಎಕ್ಸಾಸ್ಟಿನ ಮೇಲೆ ಸಿಡಿದು ಬೆಂಕಿ ಹೊತ್ತಿಕೊಳ್ಳಬಹುದು. ಹಳೆಯ ಸಾಗಿನಾ ಬಾಕ್ಸುಗಳಲ್ಲಿ ಪೈಪಿನ ಬಾಯಿ ಒಂದು ನಮೂನೆ, ನಂತರದ ಬಾಕ್ಸುಗಳಲ್ಲಿ ಓ-ರಿಂಗ್ ಕೂರುವ ಮೆಟ್ರಿಕ್ ನಮೂನೆ. ಎರಡನ್ನೂ ಬೆರೆಸಿ ಬಲವಂತವಾಗಿ ತಿರುಚಿದರೆ ಥ್ರೆಡ್ ಕೆಡುತ್ತದೆ.

ಇನ್ನು ಚಾಸಿ. ಮ್ಯಾನ್ಯುಯಲ್ ಗಾಡಿಯಲ್ಲಿ ಚಕ್ರ ಕಲ್ಲಿಗೆ ತಾಗಿ ನಿಂತರೆ ಡ್ರೈವರ್ ಕೈಬಿಡುತ್ತಾನೆ, ಅಲ್ಲಿಗೆ ಬಲ ನಿಂತಿತು. ಪವರ್ ಬಾಕ್ಸು ಹಾಗೆ ಸೋಲುವುದಿಲ್ಲ, ಡ್ರೈವರ್ ಸ್ಟೀರಿಂಗ್ ತಿರುಗಿಸುತ್ತಿರುವವರೆಗೂ ತಳ್ಳುತ್ತಲೇ ಇರುತ್ತದೆ. ಆ ಬಲವೆಲ್ಲ ಬೋಲ್ಟುಗಳ ಮೂಲಕ ಚಾಸಿಯ ತಗಡಿಗೆ ಬೀಳುತ್ತದೆ. ಷೆವರ್ಲೆಯ ನಾಲ್ಕು ಚಕ್ರ ಎಳೆತದ ಹಳೆಯ ಪಿಕಪ್ಪುಗಳಲ್ಲಿ ಸ್ಟೀರಿಂಗ್ ಬಾಕ್ಸಿನ ಸುತ್ತ ಚಾಸಿ ಬಿರುಕು ಬಿಡುವುದು ಹೆಸರಾದ ಕಾಯಿಲೆ. ಅದಕ್ಕೆಂದೇ ಬಲಪಡಿಸುವ ಪಟ್ಟಿಗಳು ಮಾರಾಟಕ್ಕಿವೆ. ಹಳೆಯ ಬಾಕ್ಸು ಬಿಚ್ಚಿದ ದಿನವೇ ಆ ಜಾಗದ ಜಿಡ್ಡು, ಬಣ್ಣ ಕೆರೆದು ಟಾರ್ಚು ಹಿಡಿದು ನೋಡಿ. ಕೂದಲೆಳೆಯ ಬಿರುಕು ಬೋಲ್ಟಿನ ತೂತಿನಿಂದಲೇ ಹೊರಡುತ್ತದೆ.

ಅನೇಕರು ಮರೆಯುವುದು ಕ್ಯಾಸ್ಟರನ್ನು. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗೆ ಇರದೆ ಸ್ವಲ್ಪ ಓರೆಯಾಗಿರುವುದನ್ನು ನೋಡಿದ್ದೀರಿ. ಕೈಬಿಟ್ಟರೂ ಸೈಕಲ್ಲು ನೇರ ಹೋಗಲು ಆ ಓರೆಯೂ ನೆರವಾಗುತ್ತದೆ. ಗಾಡಿಯ ಮುಂದಿನ ಚಕ್ರಗಳಿಗೂ ಅಂಥದೇ ಓರೆಯಿದೆ. ಅದು ಹೆಚ್ಚಿದಷ್ಟೂ ಗಾಡಿ ನೇರ ಓಡುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಹಿಂದಿರುಗುತ್ತದೆ. ಆದರೆ ಕೈಗೆ ಭಾರವೂ ಹೆಚ್ಚುತ್ತದೆ. ಮ್ಯಾನ್ಯುಯಲ್ ಗಾಡಿಗಳಲ್ಲಿ ಭಾರ ತಗ್ಗಿಸಲೆಂದು ಈ ಓರೆಯನ್ನು ಕಡಿಮೆ ಇಡುತ್ತಿದ್ದರು. ಅದೇ ಅಲೈನ್‌ಮೆಂಟಿನಲ್ಲಿ ಪವರ್ ಸ್ಟೀರಿಂಗ್ ಕೂರಿಸಿದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ಡ್ರೈವರ್ ಕ್ಷಣಕ್ಷಣಕ್ಕೂ ತಿದ್ದುತ್ತಲೇ ಇರಬೇಕಾಗುತ್ತದೆ. ಪವರ್ ಸ್ಟೀರಿಂಗ್ ಹಾಕಿದ ಮೇಲೆ ಗಾಡಿ ಹಾಳಾಯಿತು ಎಂದು ಬೈಯುವವರ ಗಾಡಿಗಳನ್ನು ನೋಡಿ, ಬಹುಪಾಲು ಇದೇ ಕಾರಣ. ಸಿ-10ರಲ್ಲಿ ಮೇಲಿನ ಕಂಟ್ರೋಲ್ ಆರ್ಮಿನ ಬೋಲ್ಟುಗಳ ಹಿಂದೆ ಶಿಮ್ ತಗಡುಗಳಿವೆ. ಅವನ್ನು ಹೆಚ್ಚುಕಡಿಮೆ ಮಾಡಿ ಕ್ಯಾಸ್ಟರನ್ನು ಮೂರು ನಾಲ್ಕು ಡಿಗ್ರಿಯವರೆಗೆ ತಂದರೆ ಗಾಡಿ ನೇರ ಓಡಲು ಕಲಿಯುತ್ತದೆ. ಸ್ಟೀರಿಂಗ್ ಹಗುರವಾಗಿರುವುದರಿಂದ ಆ ಹೆಚ್ಚಿನ ಭಾರ ಕೈಗೆ ಗೊತ್ತೇ ಆಗುವುದಿಲ್ಲ.

ಬಾಕ್ಸಿನ ನಡುವನ್ನು ಹಿಡಿಯುವುದೂ ಒಂದು ಕುಶಲತೆ. ಹಲ್ಲುಗಳನ್ನು ಕಡೆಯುವಾಗಲೇ, ಚಕ್ರ ನೇರವಿರುವ ಸ್ಥಾನದಲ್ಲಿ ಬಿಗಿ ಹೆಚ್ಚಿರುವಂತೆ ಕಡೆದಿರುತ್ತಾರೆ. ಆದ್ದರಿಂದ ಬಾಕ್ಸನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ಹಿಂದಿರುಗಿ ಅಲ್ಲಿ ಕಟ್ಟಬೇಕು. ಕಟ್ಟಿದ ಮೇಲೆ ಸ್ಟೀರಿಂಗ್ ಚಕ್ರ ಓರೆ ಕಂಡರೆ ಅದನ್ನು ಕಿತ್ತು ಬೇರೆ ಹಲ್ಲಿಗೆ ಕೂರಿಸಿ ನೆಟ್ಟಗೆ ಕಾಣುವಂತೆ ಮಾಡುವವರಿದ್ದಾರೆ. ನೋಡಲು ಸರಿ, ಬಾಕ್ಸು ಮಾತ್ರ ನಡು ತಪ್ಪಿಯೇ ಇರುತ್ತದೆ. ತಿದ್ದಬೇಕಾದ್ದು ಕೆಳಗೆ, ಟೈರಾಡಿನಲ್ಲಿ. ಹಾಗೆಯೇ ಬಾಕ್ಸಿನ ಮೇಲಿನ ಸ್ಕ್ರೂ. ಸ್ಟೀರಿಂಗಿನಲ್ಲಿ ಪ್ಲೇ ಇದೆಯೆಂದು ಅದನ್ನೇ ತಿರುಗಿಸಿ ಬಿಗಿ ಮಾಡುತ್ತಾರೆ. ಪ್ಲೇ ಇರುವುದು ಐಡ್ಲರ್ ಆರ್ಮಿನಲ್ಲಿ, ಸವೆಯುವುದು ಪಾಪ ಬಾಕ್ಸು.

ಎಲ್ಲ ಕಟ್ಟಿಯಾದ ಮೇಲೆ ಎಣ್ಣೆ ತುಂಬಿದ ಕೂಡಲೆ ಎಂಜಿನ್ ಚಾಲೂ ಮಾಡುವ ಉತ್ಸಾಹ ಬರುತ್ತದೆ. ಬೇಡ. ಪೈಪು, ಬಾಕ್ಸುಗಳಲ್ಲೆಲ್ಲ ಗಾಳಿ ಇರುತ್ತದೆ. ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ನಿಧಾನವಾಗಿ ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾ ಹೋಗಿ. ಪಂಪಿನ ಮುಚ್ಚಳ ತೆರೆದಿರಲಿ, ಇನ್ನೊಬ್ಬರು ಅಲ್ಲಿ ನಿಂತು ಎಣ್ಣೆಯ ಮಟ್ಟ ನೋಡುತ್ತಿರಲಿ. ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಇನ್ನೊಮ್ಮೆ ಹಾಗೆಯೇ ಮಾಡಬೇಕು. ಎಣ್ಣೆ ನೊರೆಗಟ್ಟಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಪಂಪು ನರಳುತ್ತಿದ್ದರೆ, ಗಾಳಿ ಇನ್ನೂ ಒಳಗಿದೆ. ಗಾಡಿ ನಿಲ್ಲಿಸಿ ನೊರೆ ಇಳಿಯಲು ಬಿಡಿ. ಓಡಿಸುವಾಗ ಸ್ಟೀರಿಂಗನ್ನು ಕೊನೆಯ ತುದಿಗೆ ಒತ್ತಿ ಹಿಡಿದುಕೊಳ್ಳುವ ಅಭ್ಯಾಸವೂ ಒಳ್ಳೆಯದಲ್ಲ, ಎಣ್ಣೆ ಬೇಗ ಕಾಯುತ್ತದೆ.

ಬೇರೆ ದಾರಿಗಳೂ ಇವೆ. 1974ರಿಂದ 1978ರವರೆಗೆ ಬಂದ ಫೋರ್ಡ್ ಮಸ್ಟಾಂಗ್-2 ಕಾರಿನ ಮುಂಭಾಗದ ಮಾದರಿಯಲ್ಲಿ ತಯಾರಿಸಿದ ಸಸ್ಪೆನ್ಷನ್ನನ್ನು ರ್ಯಾಕ್ ಸ್ಟೀರಿಂಗ್ ಸಮೇತ ಹಳೆಯ ಪಿಕಪ್ಪುಗಳಿಗೆ ಕೂರಿಸುತ್ತಾರೆ. ಒಂದೇ ದಿಮ್ಮಿ ಆಕ್ಸಲಿನ 1953–56ರ ಫೋರ್ಡ್ ಎಫ್-100 ಗಾಡಿಗಳಿಗೆ ಇದು ಬಹಳ ರೂಢಿ. ಓಡಿಸಲು ಸೊಗಸು, ಆದರೆ ಚಾಸಿ ಕತ್ತರಿಸಿ ಬೆಸೆಯುವ ಕೆಲಸ, ಹಿಂದಿರುಗುವ ದಾರಿಯಿಲ್ಲ. ಇನ್ನೊಂದು ವಿದ್ಯುತ್ ಸ್ಟೀರಿಂಗ್. 1988ರಲ್ಲಿ ಸುಜುಕಿ ಸೆರ್ವೊ ಎಂಬ ಪುಟ್ಟ ಜಪಾನಿ ಕಾರಿನಲ್ಲಿ ಮೊದಲು ಬಂದ ವಿಧಾನವಿದು, ಇಂದು ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಇದೆ. ಡ್ಯಾಷ್‌ಬೋರ್ಡಿನ ಕೆಳಗೆ ಸ್ಟೀರಿಂಗ್ ಸರಳಿಗೆ ಮೋಟಾರು ಕಟ್ಟಿದರಾಯಿತು. ಪಂಪಿಲ್ಲ, ಎಣ್ಣೆಯಿಲ್ಲ, ಬಾನೆಟ್ ತೆರೆದರೆ ಹಳೆಯ ನೋಟ ಕೆಡುವುದಿಲ್ಲ. ಆದರೆ ಹಳೆಯ ಆಲ್ಟರ್ನೇಟರು ಆ ಮೋಟಾರಿನ ಹಸಿವನ್ನು ತೀರಿಸಲಾರದು, ಅದನ್ನೂ ವೈರಿಂಗನ್ನೂ ಬದಲಿಸಬೇಕು. ಸುತ್ತುಗಳೂ ಕಡಿಮೆಯಾಗುವುದಿಲ್ಲ, ಏಕೆಂದರೆ ಕೆಳಗಿರುವುದು ಅದೇ ಮ್ಯಾನ್ಯುಯಲ್ ಬಾಕ್ಸು.

ಈಗ ನಮ್ಮ ಜೀಪುಗಳ ಮಾತು. ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಮುಂದೆ ದಶಕಗಳ ಕಾಲ ಅದೇ ವಂಶದ ಜೀಪುಗಳು ಬಂದವು. ವಿಲ್ಲಿಸ್‌ನ ಮೂಲ ಬಾಕ್ಸಿನಲ್ಲಿ ಉರುಳುವ ಗುಂಡುಗಳ ನಟ್ಟಿಲ್ಲ, ಸುರುಳಿಯ ಕಾಲುವೆಯಲ್ಲಿ ಉಜ್ಜುತ್ತ ಸಾಗುವ ಮೊಳೆಗಳಿವೆ. ಸವೆದಂತೆ ಬಿಗಿಯೂ ಹೆಚ್ಚು, ಪ್ಲೇಯೂ ಹೆಚ್ಚು. ಕಾಫಿ ತೋಟದ ಕಡಿದಾದ ತಿರುವಿನಲ್ಲಿ ಭಾರ ಹೇರಿದ ಜೀಪನ್ನು ಹಿಮ್ಮುಖವಾಗಿ ತಿರುಗಿಸಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹೊಸ ಗಾಡಿಗಳ ಪವರ್ ಬಾಕ್ಸು, ಪಂಪು ತಂದು ಇವುಗಳಿಗೆ ಕೂರಿಸುವ ಮೆಕ್ಯಾನಿಕ್ಕುಗಳು ನಮ್ಮಲ್ಲಿದ್ದಾರೆ, ಕೈಗುಣದವರೂ ಇದ್ದಾರೆ. ಆದರೆ ಸಿ-10ಕ್ಕಿರುವ ಅನುಕೂಲ ಇಲ್ಲಿಲ್ಲ. ಆ ಜೀಪಿನ ಚಾಸಿಯಲ್ಲಿ ಪವರ್ ಬಾಕ್ಸಿಗೆಂದು ಜಾಗ ಬಿಟ್ಟಿಲ್ಲ. ಬ್ರಾಕೆಟ್ ಹೊಸದಾಗಿ ಮಾಡಬೇಕು, ತಳ್ಳು ಸರಳಿನ ಕೋನ ಹೊಂದಿಸಬೇಕು. ಆ ಕೋನ ತಪ್ಪಿದರೆ ಹಳ್ಳದಿಣ್ಣೆಗೆ ಸ್ಪ್ರಿಂಗ್ ಕುಣಿದಾಗಲೆಲ್ಲ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಘಾಟಿಯಲ್ಲಿ ಇದು ಆಟದ ಮಾತಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರವು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2021ರಲ್ಲಿ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ಬಂತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇರುವ, ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ಆ ಮಾನ್ಯತೆ. ಚಾಸಿಗೆ ವೆಲ್ಡ್ ಹೊಡೆಸಿ ಬಾಕ್ಸು ಕೂರಿಸಿದ ಜೀಪನ್ನು ವಿಂಟೇಜ್ ಎಂದು ನೋಂದಾಯಿಸಲು ಹೋದರೆ ಪ್ರಶ್ನೆ ಬರುವುದು ಖಂಡಿತ. ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳುವುದು, ವಿಮೆ ಕಂಪನಿಗೆ ತಿಳಿಸುವುದು ಜಾಣತನ.

ಹಳೆಯ ಗಾಡಿಯ ಸೊಗಸು ಅದರ ಭಾರದಲ್ಲೇ ಇದೆ ಎಂದು ವಾದಿಸುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮ್ಯಾನ್ಯುಯಲ್ ಸ್ಟೀರಿಂಗಿನಲ್ಲಿ ರಸ್ತೆಯ ಒರಟು, ಟೈರಿನ ಹಿಡಿತ ಕೈಗೆ ನೇರ ತಿಳಿಯುತ್ತದೆ. ಪವರ್ ಬಾಕ್ಸು ಅದರಲ್ಲಿ ಒಂದು ಪಾಲನ್ನು ನುಂಗುತ್ತದೆ. ಆದರೂ ಓಡಿಸಲಾಗದೆ ಶೆಡ್ಡಿನಲ್ಲಿ ಧೂಳು ತಿನ್ನುವ ಅಪ್ಪಟ ಗಾಡಿಗಿಂತ ವಾರಕ್ಕೊಮ್ಮೆ ರಸ್ತೆಗಿಳಿಯುವ ಗಾಡಿಯೇ ಮೇಲು ಎಂಬ ಪಕ್ಷ ನನ್ನದು. ಸಿ-10 ಇದ್ದವರು ಕಾರ್ಖಾನೆ ಕೊಡುತ್ತಿದ್ದ ಬಾಕ್ಸನ್ನೇ, ಅದರ ಆರ್ಮು, ಪಂಪು, ಪೈಪಿನ ಸಮೇತ ಹಾಕಿಸಿಕೊಳ್ಳಲಿ. ಬಿಚ್ಚಿದ ಹಳೆಯ ಮ್ಯಾನ್ಯುಯಲ್ ಬಾಕ್ಸನ್ನು ಮಾತ್ರ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಅದರ ಆರ್ಮು, ಬೋಲ್ಟುಗಳ ಸಮೇತ ಗೋಣಿಯಲ್ಲಿ ಸುತ್ತಿ, ಮೇಲೆ ಗಾಡಿಯ ನಂಬರು ಬರೆದಿಡಿ. ನಾಳೆ ಗಾಡಿ ಕೊಳ್ಳುವವರು ಅದನ್ನೂ ಕೇಳಿ ಪಡೆಯುತ್ತಾರೆ.